ಕೆಂಪು ತಂತಿಗೆ ಮೂರು ಮತ

ಜನವರಿ 9
ಇವತ್ತೂ ಲ್ಯಾಬಿನಲ್ಲೇ ಊಟ. ಸ್ಪರ್ಧೆಯ ಅರ್ಜಿ ತುಂಬಿದೆವು. ಹೈಸ್ಕೂಲ್ ತಂಡಗಳು ಸುತ್ತಲಿನ ಒಂದು ಸಮಸ್ಯೆಗೆ ಯಂತ್ರ ಮಾಡಿ ಪರಿಹಾರ ತೋರಿಸಬೇಕು. ಮೊದಲ ಮೂರು ಯಂತ್ರಗಳನ್ನು ನಿಜವಾದ ಜಾಗದಲ್ಲಿ ಅಳವಡಿಸುತ್ತಾರಂತೆ. ನಮ್ಮ ಜಾಗ — ಅಮ್ಮ ದುಡಿಯುವ ಗಾರ್ಮೆಂಟ್ಸಿನ ಇಸ್ತ್ರಿ ಹಾಲ್. ಬೇಯುವ ಕೋಣೆ ಅದು.
ತಂಡದಲ್ಲಿ ನಾಲ್ವರು: ನಾನು, ಗುಂಡ, ಏಣಿ, ಮೌನಿ (ಇಲ್ಲಿ ಅಡ್ಡಹೆಸರುಗಳೇ ಸಾಕು). 'ನಾಯಕ' ಎಂಬ ಕಡೆ ಗೆರೆ ಎಳೆದೆ. ಎಲ್ಲರೂ ಸಮಾನರಾದ ಕಡೆ ನಾಯಕ ಯಾಕೆ? ಅಮ್ಮ ತರುವ ಯೂನಿಯನ್ ಕರಪತ್ರಗಳನ್ನು ಸುಮ್ಮನೆ ಓದಿಲ್ಲ. ಎಲ್ಲದಕ್ಕೂ ಕೈ ಎತ್ತಿ ಮತ.
"ಬಾತ್‌ರೂಮಿಗೆ ಹೋಗೋಕೂ ಮತಾನಾ?" ಗುಂಡ ಕೇಳಿದ. ಏಣಿ ಬಿದ್ದು ಬಿದ್ದು ನಕ್ಕ. ಮೌನಿ ತನ್ನ ಪಾಡಿಗೆ ತಂತಿ ಸುಲಿಯುತ್ತಿದ್ದಳು.

ಜನವರಿ 15, ಸಂಜೆ
ಸೆಕೆ ಮೂವತ್ತೈದು ಡಿಗ್ರಿ ಮುಟ್ಟಿದರೆ ಕೂಗುವ ಯಂತ್ರ ಸಿದ್ಧ. ಅಮ್ಮನಿಗೆ ತೋರಿಸಿದೆ.
"ಸೆಕೆ ಆಗ್ತಿದೆ ಅಂತ ನಮ್ಮ ಬೆನ್ನಿಗೆ ಗೊತ್ತಿಲ್ವೇನೇ? ಫ್ಯಾನಿನ ಸ್ವಿಚ್ಚು ಸೂಪರ್‌ವೈಸರ್ ರೂಮಲ್ಲಿದೆ. ಅವನನ್ನ ಕೇಳದೆ ತಿರುಗೋ ಫ್ಯಾನ್ ಮಾಡು, ತಾಯಿ."
ಕರಪತ್ರದ ಇಡೀ ಕಟ್ಟಿನಲ್ಲಿ ಇಷ್ಟು ಸ್ಪಷ್ಟವಾದ ಬೇಡಿಕೆ ಓದಿರಲಿಲ್ಲ. ಯಂತ್ರ ಇನ್ನು ಕೂಗುವುದಿಲ್ಲ, ತಾನೇ ಫ್ಯಾನ್ ತಿರುಗಿಸುತ್ತದೆ. ತಂಡದ ಮತ: ನಾಲ್ಕಕ್ಕೆ ನಾಲ್ಕು.

ಜನವರಿ 23
ಬರೆಯಲು ಮನಸ್ಸಿಲ್ಲ. ಬರೆಯಲೇಬೇಕು.
ಕೆಂಪು ತಂತಿ ಎಲ್ಲಿಗೆ ಎಂದು ಜಗಳ. "ಅಲ್ಲಿಗಲ್ಲ ಕಣೇ, ಮೀಟರ್ ಹಿಡಿದು ನೋಡೋಣ," ಎಂದಳು ಮೌನಿ. ಎಲ್ಲರಿಗೂ ಮನೆಗೆ ಹೋಗುವ ಅವಸರ. "ಮತಕ್ಕೆ ಹಾಕೋಣ," ಎಂದೆ. ಮೂರು – ಒಂದು. ಸ್ವಿಚ್ಚು ಒತ್ತಿದೆ. ಹೊಗೆ... ಇದ್ದ ಒಂದೇ ಸರ್ಕ್ಯೂಟ್ ಬೋರ್ಡು ಸುಟ್ಟು ಕರಕಲು. ಸ್ಪರ್ಧೆಗೆ ಎಂಟೇ ದಿನ.
ಬಹುಮತದಿಂದ ಸುಟ್ಟೆವು!
ಮೌನಿ ಎದ್ದು ಕಿಟಕಿ ತೆರೆದಳು. ಅಷ್ಟೆ.

ಜನವರಿ 27
ಇಷ್ಟು ದಿನ ಲ್ಯಾಬಿನ ಕಡೆ ತಲೆ ಹಾಕಲಿಲ್ಲ. ಇವತ್ತು ಏಣಿ ಕ್ಲಾಸಿನಿಂದಲೇ ಎಳೆದುಕೊಂಡು ಹೋದ. ಸೈನ್ಸ್ ಮೇಡಂ ಬೀರು ಜಾಲಾಡಿ ಹಳೆಯ ಬೋರ್ಡೊಂದನ್ನು ಹುಡುಕಿಟ್ಟಿದ್ದರು. ಕ್ಷಮೆ ಕೇಳಲು ಬರೆದಿಟ್ಟಿದ್ದ ಎರಡು ಪುಟ ಬ್ಯಾಗಿನಿಂದ ತೆಗೆದು ಓದತೊಡಗಿದೆ. ಮೌನಿ ಮೂರನೇ ಸಾಲಿಗೇ ತಡೆದಳು.
"ಭಾಷಣ ಆಮೇಲೆ. ಏನು ಮಾಡ್ಬೇಕು ಅನ್ನೋದಕ್ಕೆ ಮತ ಹಾಕು. ತಂತಿ ಎಲ್ಲಿಗೆ ಅನ್ನೋದಕ್ಕೆ ಮೀಟರ್ ಇದೆ. ತಗೋ, ಹಿಡ್ಕೋ."
ಹಿಡಿದುಕೊಂಡೆ.

ಜನವರಿ 31
ಮೂರನೇ ಸ್ಥಾನ! ಸರ್ಕ್ಯೂಟಿನ ಪ್ರಶ್ನೆಗಳಿಗೆಲ್ಲ ಮೌನಿಯೇ ಉತ್ತರಿಸಿದಳು. ಅವಳ ಬಾಯಲ್ಲಿ ಅಷ್ಟು ಮಾತು ಕೇಳಿ ಗುಂಡನ ಬಾಯಿ ಮುಚ್ಚಲೇ ಇಲ್ಲ.

ಫೆಬ್ರವರಿ 18, ಮಧ್ಯಾಹ್ನ 2.10
ಇಸ್ತ್ರಿ ಹಾಲ್. ಶರ್ಟಿನ ಗಂಟಿನ ಮೇಲೆ ಕೂತು ಬರೆಯುತ್ತಿದ್ದೇನೆ. ಯಂತ್ರವನ್ನು ಗೋಡೆಗೆ ಜಡಿದಾಯಿತು. ಮೀಟರ್ ಹಿಡಿದು ಮೂರು ಸಲ ನೋಡಿದ್ದೂ ಆಯಿತು. ಸೂಪರ್‌ವೈಸರ್ ಕೈಕಟ್ಟಿ ನಿಂತಿದ್ದಾನೆ. "ತಿರುಗದಿದ್ರೆ ಇವತ್ತೇ ಬಿಚ್ಕೊಂಡು ಹೋಗ್ತಾ ಇರಿ."
ಅಮ್ಮ ತಲೆ ಎತ್ತುತ್ತಿಲ್ಲ. ಕಾಲರ್ ಮೇಲೆ ಕಾಲರ್ ಒತ್ತುತ್ತಿದ್ದಾಳೆ. ಬೆನ್ನು ಪೂರ್ತಿ ಒದ್ದೆ.
35ಕ್ಕೆ ಫ್ಯಾನ್ ತಿರುಗಬೇಕು. ಈಗ 34.2.
34.6... ಏಣಿ ಉಗುರು ಕಚ್ಚುತ್ತಿದ್ದಾನೆ.
34.9. ಹಬೆ. ಅಂಕಿ ಸರಿಯಾಗಿ ಕಾಣುತ್ತಿಲ್ಲ. ಯಂತ್ರದೊಳಗೆ ಏನೋ 'ಟಕ್' ಎಂದಿತು. ಅಮ್ಮನ ಹಣೆಯ ಮೇಲಿನ ಕೂದಲು ಅಲುಗು—