ಎಡಪಕ್ಕೆಯ ತಲೆ

ರಾಜಾಜಿನಗರ
೧೨ ಜೂನ್ ೧೯೫೬

ಹೇರೋಹಳ್ಳಿ ಅಕ್ಕಯ್ಯಮ್ಮಜ್ಜಿಗೆ ನಿಮ್ಮ ಪುಟ್ಟತಾಯಿಯ ನಮಸ್ಕಾರ.

(ಮೇಷ್ಟ್ರೇ, ಅಜ್ಜಿಗೆ ಕಿವಿ ಮಂದ. ಸ್ವಲ್ಪ ಜೋರಾಗಿ ಓದಿ ಹೇಳಿ.)

ಅಜ್ಜೀ, ನಂಗೆ ಒಂಬತ್ತು ತುಂಬ್ತಾ ಬಂತು. ಹೆರಿಗೆಗೆ ಊರಿಗೆ ಬರ್ತಿಲ್ಲ, ಆಸ್ಪತ್ರೆಗೆ ಸೇರ್ತೀನಿ. "ಪಟ್ಟಣ ಸೇರಿದ್ಮೇಲೆ ಸೂಲಗಿತ್ತಿ ಬೇಡ್ವಾದ್ಲು" ಅಂತ ಯಾರಾದ್ರೂ ಅಂದ್ರೆ ನಂಬ್ಬೇಡಿ.

ಚಿಕ್ಕೋಳಿದ್ದಾಗ ನಿಮ್ಮ ಹರಳೆಣ್ಣೆ ಗಿಂಡಿ ಹಿಡ್ಕೊಂಡು ಮನೆಮನೆಗೂ ಹಿಂದೆಹಿಂದೇನೇ ಬರ್ತಿದ್ದೆ, ನೆನಪಿದ್ಯಾ? ಬಸುರಿಯಾಗಿದ್ದ ನಮ್ಮತ್ತಿಗೆ ಹೊಟ್ಟೆ ಮೇಲೆ ನನ್ನ ಕೈಯಿಟ್ಟು, "ಗುಂಡಗೆ ಗಟ್ಟಿಯಾಗಿರೋದೇ ತಲೆ ಕಣೇ. ಕೆಳಗಿದ್ರೆ ನಾನು ಸಾಕು. ಪಕ್ಕದಲ್ಲಿದ್ರೆ ನನ್ನ ಕಾಯ್ಬೇಡಿ, ಗಾಡಿ ಕಟ್ಟಿ ಆಸ್ಪತ್ರೆಗೆ ಓಡಿ" ಅಂದಿದ್ರಿ.

ಮೊನ್ನೆ ಹಂಗೇ ಮುಟ್ಟಿ ನೋಡ್ಕೊಂಡೆ. ತಲೆ ಎಡಪಕ್ಕೇಲಿತ್ತು. ಡಾಕ್ಟರಮ್ಮನೂ ನೋಡಿ, "ಹೌದು, ಮಗು ಅಡ್ಡ ಇದೆ. ನಿಂಗ್ಯಾರಮ್ಮ ಇದನ್ನ ಹೇಳ್ಕೊಟ್ಟಿದ್ದು?" ಅಂದ್ರು. ನಿಮ್ಮ ಹೆಸರು ಹೇಳ್ದೆ. ನಿಮ್ಮ ಮಾತೇ ನಡೆಸ್ತಿದ್ದೀನಿ ಅಜ್ಜಿ, ಆದ್ರೂ ನೀವು ಪಕ್ಕದಲ್ಲಿರಲ್ಲ ಅಂತ ಭಯ.

ಮಗೂಗೆ ಮೊದಲ ಎಣ್ಣೆನೀರು ನಿಮ್ಮ ಕೈಯಿಂದಲೇ ಆಗ್ಬೇಕು. ನಿಮ್ಮನ್ನ ಕರ್ಕೊಂಡು ಬರೋಕೆ ನಮ್ಮೆಜಮಾನ್ರು ಗಾಡಿ ತರ್ತಾರೆ. ಆ ಗಿಂಡಿ ಮರೀದೆ ತನ್ನಿ. ದಾರೀಲಿ ಹಿಡ್ಕೊಳ್ಳೋಕೆ ನಾನಿರಲ್ಲ, ಅವರ ಕೈಗೆ ಕೊಡಿ.

ನಿಮ್ಮ ಗಿಂಡಿ ಹುಡುಗಿ,
ಪುಟ್ಟತಾಯಿ