ಹುಕ್ಕೇರಿಯ ಮೂರು ಸೆಕೆಂಡು

೪ ಜೂನ್ ೨೦೦೭, ಬೆಳಿಗ್ಗೆ ೯
ಗೋಕಾಕ. ರಕ್ತದಾನಿಗಳ ಸಂಘದ ಕಂಪ್ಯೂಟರಿನಲ್ಲಿ ಮತ್ತೆ ಅದೇ ಟೆಸ್ಟ್. ರಕ್ತದ ಗುಂಪು ಕೊಟ್ಟರೆ ದಾನಿಯ ಹೆಸರು ಬರಬೇಕು. ಬಂದೊಡನೆ ಜೀಪು ಹೊರಡಬೇಕು. ಮೂಡಲಗಿ ಕೇಂದ್ರದ ವೆಬ್ ಸರ್ವಿಸ್ ಉತ್ತರ ಕೊಡಲು - ನಲವತ್ತು ನಿಮಿಷ. ಹುಕ್ಕೇರಿಯದು - ಮೂರು ಸೆಕೆಂಡು. ಎರಡರಲ್ಲೂ ಅದೇ ಪಟ್ಟಿ. ಅದೇ ಪ್ರಶ್ನೆ, ಅದೇ ಉತ್ತರ. ಪಕ್ಷದ ಕರಪತ್ರದಲ್ಲಿ ಓದಿದ್ದು: ಫಲ ಒಂದೇ ಆದರೆ ಮೇಲುಕೀಳು ಸುಳ್ಳು. ಯಂತ್ರಕ್ಕೂ ಅದೇ ನ್ಯಾಯ. ಎರಡೂ ಸಮಾನ. ನಿಧಾನವೆಂದು ಮೂಡಲಗಿಯದನ್ನು ತೆಗೆದೆ.

ಪಕ್ಕದ ಮೇಜಿನ ತ್ರಿಶಲಾ: "ಏನ್ರಿ ಕಾಮ್ರೇಡ್, ಹೆಸರ ಒಂದೇ ಬಂತಂದ್ರ ಕೆಲಸಾನೂ ಒಂದೇ ಏನು? ಮೂಡಲಗಿಗೆ ಒಮ್ಮೆ ಹೋಗಿ ನೋಡ್ರಿ."
ನಾನು: "ಅಲ್ಲಿ ಆಪರೇಟರ್ ಮಾಯಪ್ಪ ಒಂದೇ ಬೆರಳಿಂದ ಟೈಪ್ ಮಾಡ್ತಾನ. ಅಷ್ಟ."

೧೯ ಜೂನ್, ಮಧ್ಯಾಹ್ನ ೧
ಜೀಪಿನ ಡ್ರೈವರ್ ಸೋಮಶೇಖರನ ಹೆಂಡತಿ ಕೆಂಪವ್ವನಿಗೆ ಹೆರಿಗೆ. ಓ ನೆಗೆಟಿವ್ ಬೇಕು. ಮೂರು ಸೆಕೆಂಡು: ಗೊಮ್ಮಟೇಶ, ಹುಕ್ಕೇರಿ. "ಭಾಳ ಫಾಸ್ಟ್ ಆತಲ್ರಿ ಸರ್!" ಎಂದು ತಾನೇ ಜೀಪು ಓಡಿಸಿದ.

೩ ಗಂಟೆ
ಅವನ ಫೋನ್. "ಮನಿಗೆ ಕೀಲಿ ಐತ್ರಿ ಸರ್. ಕೊಲ್ಲಾಪುರಕ್ಕ ಹೋಗಿ ತಿಂಗಳಾತಂತ."
ಮತ್ತೆ ಹುಡುಕಿದೆ. ಗೊಮ್ಮಟೇಶ, ಹುಕ್ಕೇರಿ. ಮತ್ತೆ. ಗೊಮ್ಮಟೇಶ...

೨೦ ಜೂನ್
ಮಗು ಉಳಿಯಿತು. ಹೆಣ್ಣು. ಕೆಂಪವ್ವ ಉಳಿಯಲಿಲ್ಲ. ಊಟ ಮಾಡಿದೆ.

೧೧ ಜುಲೈ
ಮೂಡಲಗಿ. ಮೊದಲ ಸಲ. ಮಾಯಪ್ಪ ಕುರ್ಚಿ ಕೊಟ್ಟ. "ಬರೇ ಹೆಸರ ಕಳಸಿದ್ರ ಆದೀತೇನ್ರಿ? ಮನ್ಯಾಗ ಅದಾರೋ, ಜ್ವರಾ ಬಂದೈತೋ? ಫೋನ್ ಇಲ್ದವರನ್ನ ಬಾಜೂ ಕಿರಾಣಿ ಅಂಗಡಿಗೆ ಫೋನ್ ಹಚ್ಚಿ ಕರಸತೇನಿ. 'ಬರ್ತೇನಿ' ಅಂದಮ್ಯಾಲೇ ಬಟನ್ ಒತ್ತೋದು."

ನಲವತ್ತು ನಿಮಿಷ ಅದು. ಪರದೆಯ ಮೇಲೆ ಸಾಲು ಒಂದೇ. ಜೀಪಿಗೆ ಬೇಕಿದ್ದದ್ದು ಆ ಸಾಲು ಅಲ್ಲ, 'ಬರ್ತೇನಿ' ಅಂದ ಮನುಷ್ಯ.

ಸಂಜೆ ಸಂಘದಲ್ಲಿ ಸೋಮಶೇಖರ: "ನಸೀಬ್ರಿ ಸರ್." ನಸೀಬು ನಂಬದವನು ನಾನು. ಹೂಂ ಅಂದೆ.

೨೩ ಜುಲೈ
ಸೋಮಶೇಖರನ ಜೀಪಿನಲ್ಲಿ ಹುಕ್ಕೇರಿ. ಕೀಲಿ ಇರಲಿಲ್ಲ. ಒಳಗೆ ಹೋದದ್ದು ನಾನೊಬ್ಬನೇ. ಗೊಮ್ಮಟೇಶ ಚಹಾ ಕೊಟ್ಟರು. "ಒಂದ್ ಫೋನ್ ಹಚ್ಚಬೇಕಿತ್ರಿ. ನಾ ಇರಲಿಲ್ಲ ಖರೆ. ನಮ್ಮ ತಮ್ಮ ಶ್ರೇಣಿಕ ಇಲ್ಲೇ ಸಂಕೇಶ್ವರದಾಗಿದ್ದ. ಅವಂದೂ ಅದೇ ಗುಂಪು."

ಚಹಾ ಕುಡಿದು ಮುಗಿಸಿದೆ. ಜೀಪು ಹತ್ತಿದೆ.
"ಅವರ ಏನಂದ್ರು ಸರ್?"
ಎಂಜಿನ್ ಆರಿಸು ಅಂದೆ. ಆರಿಸಿದ.
"ಸೋಮಶೇಖರ, ಅದು ನಸೀಬ ಅಲ್ಲ. ಮೂಡಲಗಿಯದನ್ನ ತಗದಾಂವ ನಾ."