ಗೋಮಾಕ್ಕೆ ಬರುವಾಗ ಸುಣ್ಣ ಬೇಡ

ಅಮ್ಮಾ,

ಎಲ್ಲ ದಾರಿಗಳನ್ನೂ ವಿಚಾರಿಸಿದೆ. ಬುಕಾವುವಿನಿಂದ ಬರುವ ರಸ್ತೆಗೆ ಗುಡ್ಡ ಕುಸಿದಿದೆ. ಬೈಕು ನಿನ್ನ ಸೊಂಟಕ್ಕೆ ಆಗುವುದಿಲ್ಲ. ಉಳಿದದ್ದು ಬೆಳಗಿನ ದೋಣಿ. ಸರೋವರವೆಂದರೆ ನಿನಗೆ ಭಯ, ಗೊತ್ತು. ಒಳಗಿನ ಬೆಂಚಿನಲ್ಲಿ ಕಣ್ಣು ಮುಚ್ಚಿ ಕುಳಿತಿರು. ದಡದಲ್ಲಿ ಚುಕುಡು ತಳ್ಳುವ ಮುಹಿಂದೊ ಕಾಯುತ್ತಿರುತ್ತಾನೆ. "ಆಲೂಗಡ್ಡೆ ಮೂಟೆ ಇಳಿಸಿ, ಅಜ್ಜೀನ ಮರದ ಗಾಡಿ ಮೇಲೆ ರಾಣಿ ಥರ ಕೂರಿಸ್ಕೊಂಡ್ ಬರ್ತೀನಿ ಬಿಡಕ್ಕಾ" ಅಂದ.

ಪ್ರತಿವರ್ಷ ತರುವಂತೆ ಅಪ್ಪನ ಗೋರಿಯ ಶಿಲುಬೆಗೆ ಬಳಿಯಲು ಈ ಸಲ ಸುಣ್ಣ ತರಬೇಡ. ದಪ್ಪ ಅಟ್ಟೆಯ ಚಪ್ಪಲಿ ಹಾಕಿಕೊಂಡು ಬಾ. ಬೆಟ್ಟದಿಂದ ಹರಿದ ಲಾವಾ ಸ್ಮಶಾನವನ್ನೆಲ್ಲ ಮುಚ್ಚಿದೆ, ಕಲ್ಲು ಇನ್ನೂ ಬಿಸಿ.

ಚರ್ಚಿನ ಗೋಡೆಯಿಂದ ಹೆಜ್ಜೆ ಎಣಿಸಿ ಅಪ್ಪನ ಜಾಗ ಗುರುತಿಸಿದ್ದೇನೆ. ತಪ್ಪಾಗಿದ್ದರೂ ಅಲ್ಲೇ ಅತ್ತುಬಿಡಮ್ಮಾ. ಮತ್ತೆ ಎಣಿಸುವ ಶಕ್ತಿ ನನಗಿಲ್ಲ.

ನಿನ್ನ ಮಗಳು,
ನ್ಸಿಮಿರೆ